ಕಾಡಿನೊಳಗಿನ ಚಾಂಪಿಯನ್

ಮಾತುಕತೆ ಕಾರ್ಯಕ್ರಮಕ್ಕೆ ವಿಷಯ ಆರಿಸಲು ಕುಳಿತಾಗಲೆಲ್ಲ ನಮ್ಮಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಇದಕ್ಕೆ ದೃಶ್ಯ ಏನಿದೆ?’ ಕ್ರಿಕೆಟ್ಟಾದರೆ ಮೈದಾನವಿದೆ, ಚೆಂಡಿದೆ, ಚಪ್ಪಾಳೆಯಿದೆ. ಕುಸ್ತಿಯಾದರೆ ಅಖಾಡವಿದೆ. ಈ ಸಲ ನಾವು ಆರಿಸಿಕೊಂಡ ಆಟದ ಸುದ್ದಿ ಹೇಳಿದಾಗ ನಮ್ಮ ಕ್ಯಾಮೆರಾಮನ್ ತಲೆ ಕೆರೆದುಕೊಂಡರು. “ಮೇಡಂ, ಓಡೋರು ಕಾಡಿನೊಳಗೆ ಹೊಕ್ಕು ಕಾಣದೇ ಹೋಗ್ತಾರೆ. ಒಂದು ಗಂಟೆ ಆದ್ಮೇಲೆ ಆ ಕಡೆಯಿಂದ ಹೊರಗೆ ಬರ್ತಾರೆ. ನಡುವೆ ಏನು ತೋರಿಸೋದು?” ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಏಕೆಂದರೆ ಈ ಆಟವೆಲ್ಲ ಇರುವುದು ಆ ‘ನಡುವೆ’ಯಲ್ಲಿಯೇ. ಅಲ್ಲಿ ಪ್ರೇಕ್ಷಕರಿಲ್ಲ, ಕೂಗಿ ಹೇಳುವ ತರಬೇತುದಾರನಿಲ್ಲ, ಹಿಂದೆ ಮುಂದೆ ಗೆರೆ ಎಳೆದ ಹಾದಿಯೂ ಇಲ್ಲ. ಒಂದು ನಕ್ಷೆ, ಒಂದು ದಿಕ್ಸೂಚಿ, ಎರಡು ಕಾಲು, ಒಂದು ತಲೆ. ಆಟದ ಹೆಸರು ಓರಿಯೆಂಟಿಯರಿಂಗ್. ಈ ಆಟದಲ್ಲಿ 23 ಬಾರಿ ವಿಶ್ವ ಚಾಂಪಿಯನ್ ಆದ ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ-ಲೂಡರ್ ಎಂಬ ಓಟಗಾರ್ತಿಯ ಹೆಸರನ್ನು ನಮ್ಮಲ್ಲಿ ಕೇಳಿದವರು ಬಹಳ ಕಡಿಮೆ. ಇಷ್ಟು ಸಲ ಜಗತ್ತನ್ನು ಗೆದ್ದವರು ಇಷ್ಟು ಅಪರಿಚಿತರಾಗಿ ಉಳಿದದ್ದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಕಾಣದ ಆ ಒಂದು ಗಂಟೆಯಲ್ಲಿ ಅವರು ಮಾಡುತ್ತಿದ್ದುದಾದರೂ ಏನು? ಈ ಬರಹದಲ್ಲಿ ಅದನ್ನು ಬಿಡಿಸಿ ನೋಡೋಣ.

ಏನಿದು ಆಟ?

ಓಟ ಆರಂಭವಾಗುವ ಕ್ಷಣದಲ್ಲಿ ಸ್ಪರ್ಧಿಯ ಕೈಗೆ ಒಂದು ನಕ್ಷೆ ಸಿಗುತ್ತದೆ. ಅಲ್ಲಿಯವರೆಗೆ ಅದನ್ನು ನೋಡುವಂತಿಲ್ಲ. ಸ್ಪರ್ಧೆ ನಡೆಯುವ ಕಾಡಿಗೆ ಮೊದಲೇ ಹೋಗಿ ಅಭ್ಯಾಸ ಮಾಡುವಂತೆಯೂ ಇಲ್ಲ. ನಕ್ಷೆಯ ಮೇಲೆ ನೇರಳೆ ಬಣ್ಣದಲ್ಲಿ ಒಂದು ತ್ರಿಕೋನ, ಕೆಲವು ವೃತ್ತಗಳು, ಕೊನೆಗೊಂದು ಜೋಡಿ ವೃತ್ತ. ತ್ರಿಕೋನದಿಂದ ಹೊರಟು, ವೃತ್ತಗಳನ್ನು ಅಂಕಿಯ ಕ್ರಮದಲ್ಲಿ ಮುಟ್ಟಿ, ಜೋಡಿ ವೃತ್ತದಲ್ಲಿ ಓಟ ಮುಗಿಸಬೇಕು. ಪ್ರತಿ ವೃತ್ತದ ನಡುವೆ, ನಿಜವಾದ ಕಾಡಿನಲ್ಲಿ, ಕಿತ್ತಳೆ ಮತ್ತು ಬಿಳಿ ಬಣ್ಣದ ಒಂದು ಗುರುತು ನೇತುಹಾಕಿರುತ್ತಾರೆ. ಅದರ ಒಂದೊಂದು ಮುಖ 30 ಸೆಂಟಿಮೀಟರ್ ಚೌಕ. ಅದು ಬಂಡೆಯ ಹಿಂದೆ ಇರಬಹುದು, ತಗ್ಗಿನೊಳಗೆ ಇರಬಹುದು, ಹಳ್ಳದ ತಿರುವಿನಲ್ಲಿ ಇರಬಹುದು. ಅಲ್ಲಿ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಬೆರಳಿಗೆ ಕಟ್ಟಿಕೊಂಡ ಪುಟ್ಟ ಎಲೆಕ್ಟ್ರಾನಿಕ್ ಕಡ್ಡಿಯನ್ನು ಪೆಟ್ಟಿಗೆಯೊಂದಕ್ಕೆ ತಾಗಿಸಿ ಮುಂದೆ ಓಡಬೇಕು. ಒಂದು ಗುರುತು ತಪ್ಪಿದರೂ ಇಡೀ ಓಟ ಲೆಕ್ಕಕ್ಕಿಲ್ಲ.

ಎರಡು ಗುರುತುಗಳ ನಡುವೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಗುಡ್ಡ ಹತ್ತಿ ಇಳಿಯಬಹುದು, ಬಳಸಿ ಹೋಗಬಹುದು, ಜೌಗನ್ನು ದಾಟಬಹುದು. ಅದು ಸ್ಪರ್ಧಿಯ ಆಯ್ಕೆ. ವೈಯಕ್ತಿಕ ಓಟಗಳಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಬೀಳದಂತೆ, ನಿಮಿಷಗಳ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಹೀಗಾಗಿ ಮುಂದಿರುವವರು ಯಾರು, ಹಿಂದಿರುವವರು ಯಾರು ಎಂಬುದು ಓಡುವವರಿಗೇ ಗೊತ್ತಿರುವುದಿಲ್ಲ.

ಸೈನ್ಯದಿಂದ ಆಟದ ಬಯಲಿಗೆ

ಈ ಆಟ ಹುಟ್ಟಿದ್ದು ಉತ್ತರ ಯೂರೋಪಿನ ಸೈನ್ಯಗಳಲ್ಲಿ. 19ನೆಯ ಶತಮಾನದ ಕೊನೆಯಲ್ಲಿ ಸ್ವೀಡನ್ ಮತ್ತು ನಾರ್ವೆಯ ಸೈನಿಕರಿಗೆ ಅಪರಿಚಿತ ನೆಲದಲ್ಲಿ ನಕ್ಷೆ ಹಿಡಿದು ಸಾಗುವ ಅಭ್ಯಾಸ ಮಾಡಿಸುತ್ತಿದ್ದರು. 1897ರ ಅಕ್ಟೋಬರ್ 31ರಂದು ನಾರ್ವೆಯ ಈಗಿನ ಓಸ್ಲೋ ನಗರದ ಬಳಿ ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆಯಿತು. ಮೊದಲ ಮಹಾಯುದ್ಧ ಮುಗಿದ ದಿನಗಳಲ್ಲಿ ಸ್ವೀಡನ್ನಿನ ಸೇನಾಧಿಕಾರಿ ಅರ್ನ್ಸ್ಟ್ ಕಿಲ್ಲಾಂಡರ್ ಇದನ್ನು ಯುವಜನರ ಆಟವಾಗಿ ಬೆಳೆಸಿದರು. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಸ್ವಿಟ್ಜರ್ಲೆಂಡೂ ಒಂದು. 1966ರಲ್ಲಿ ಫಿನ್‌ಲೆಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1977ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಆದರೆ ಬೇಸಿಗೆ ಒಲಿಂಪಿಕ್ಸ್‌ನ ಪಟ್ಟಿಗೆ ಸೇರಲಿಲ್ಲ. ಸಿಮೋನ್ ಅವರ ಹೆಸರು ನಮ್ಮ ಮನೆಗಳವರೆಗೆ ಬಾರದಿರಲು ಇದೂ ಒಂದು ಕಾರಣ.

ಸ್ವೀಡನ್, ನಾರ್ವೆ, ಫಿನ್‌ಲೆಂಡುಗಳಲ್ಲಿ ಇದು ಮನೆಮಾತಾದ ಆಟ. ಶಾಲೆಯ ಮಕ್ಕಳು ಆಡುತ್ತಾರೆ, ಅಜ್ಜ ಅಜ್ಜಿಯರೂ ಆಡುತ್ತಾರೆ. ವಿಶ್ವ ಚಾಂಪಿಯನ್‌ಷಿಪ್ಪಿನ ಪದಕಗಳಲ್ಲಿ ಬಹುಪಾಲು ದಶಕಗಳ ಕಾಲ ಈ ಮೂರು ದೇಶಗಳಿಗೇ ಹೋಗುತ್ತಿದ್ದವು. ಅವರ ಅಂಗಳಕ್ಕೇ ಹೋಗಿ ಗೆಲ್ಲುವುದೆಂದರೆ ಸಣ್ಣ ಮಾತಲ್ಲ.

ನಕ್ಷೆ ಮಾತನಾಡುತ್ತದೆ

ಸಿಮೋನ್ ಅವರ ಸಾಧನೆ ಅರ್ಥವಾಗಬೇಕಾದರೆ ಅವರ ಕೈಯಲ್ಲಿದ್ದ ಕಾಗದ ಅರ್ಥವಾಗಬೇಕು. ಕಾಲೇಜಿನಲ್ಲಿ ಭೂಗೋಳ ಓದಿದವರು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ನೋಡಿರುತ್ತೀರಿ. ಅದರಲ್ಲಿ ಸಾಮಾನ್ಯವಾಗಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಊರು, ಕೆರೆ, ರಸ್ತೆ ಕಾಣುತ್ತವೆ. ಒಂದು ಬಂಡೆ ಕಾಣುವುದಿಲ್ಲ. ಓರಿಯೆಂಟಿಯರಿಂಗ್ ನಕ್ಷೆಯಲ್ಲಿ ದೀರ್ಘ ಓಟಕ್ಕೆ 1 ಸೆಂಟಿಮೀಟರ್ ಎಂದರೆ 150 ಮೀಟರ್, ಮಧ್ಯಮ ಓಟಕ್ಕೆ 100 ಮೀಟರ್. ಊರಿನ ಬೀದಿಗಳಲ್ಲಿ ನಡೆಯುವ ಸ್ಪ್ರಿಂಟಿಗೆ ಇನ್ನೂ ಹಿಗ್ಗಿಸಿದ ನಕ್ಷೆ. ಆಳೆತ್ತರದ ಬಂಡೆ, ಪುಟ್ಟ ಹೊಂಡ, ಕಾಲುದಾರಿ, ಬೇಲಿ ಎಲ್ಲಕ್ಕೂ ಅದರಲ್ಲಿ ಜಾಗವಿದೆ.

ಬಣ್ಣಗಳಿಗೂ ಅರ್ಥವಿದೆ. ನಾವು ಕಾಡು ಎಂದರೆ ಹಸಿರು ಎಂದುಕೊಳ್ಳುತ್ತೇವೆ. ಈ ನಕ್ಷೆಯಲ್ಲಿ ಸಲೀಸಾಗಿ ಓಡಬಹುದಾದ ಕಾಡು ಬಿಳಿ. ಹಸಿರು ಎಂದರೆ ಪೊದೆ, ಅಡ್ಡಿ. ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ಹಳದಿ ಬಯಲು, ನೀಲಿ ನೀರು. ಕಪ್ಪು ಬಂಡೆಗಳಿಗೆ ಮತ್ತು ಮನುಷ್ಯ ಮಾಡಿದ ದಾರಿ, ಕಟ್ಟಡಗಳಿಗೆ. ಕಂದು ಗೆರೆಗಳು ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸುವ ಗೆರೆಗಳು. ಸಾಮಾನ್ಯವಾಗಿ ಒಂದು ಗೆರೆಯಿಂದ ಇನ್ನೊಂದಕ್ಕೆ 5 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರವಿದ್ದರೆ ಇಳುಕಲು ಮೆಲ್ಲಗಿದೆ ಎಂದರ್ಥ. ಅನುಭವಿಗಳು ಈ ಕಂದು ಗೆರೆಗಳನ್ನು ನೋಡಿದರೆ ಅವರ ಕಣ್ಣ ಮುಂದೆ ಗುಡ್ಡ, ಕಣಿವೆ, ತಗ್ಗುಗಳು ಎದ್ದು ನಿಲ್ಲುತ್ತವೆ.

ಇನ್ನೊಂದು ಜಾಣತನವೂ ಇದರಲ್ಲಿದೆ. ದಿಕ್ಸೂಚಿಯ ಮುಳ್ಳು ತೋರಿಸುವುದು ಭೂಮಿಯ ನಿಜವಾದ ಉತ್ತರವನ್ನಲ್ಲ, ಕಾಂತೀಯ ಉತ್ತರವನ್ನು. ಎರಡಕ್ಕೂ ಕೊಂಚ ಅಂತರವಿರುತ್ತದೆ, ಅದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಓಡುತ್ತ ಇಂಥ ಲೆಕ್ಕ ಮಾಡುವವರು ಯಾರು? ಅದಕ್ಕಾಗಿ ಈ ನಕ್ಷೆಗಳಲ್ಲಿ ಉತ್ತರದ ಗೆರೆಗಳನ್ನು ಕಾಂತೀಯ ಉತ್ತರಕ್ಕೆ ಸರಿಹೊಂದಿಸಿಯೇ ಎಳೆದಿರುತ್ತಾರೆ. ಮುಳ್ಳು ಮತ್ತು ಗೆರೆ ಒಂದೇ ನೇರಕ್ಕೆ ಬಂದರೆ ಸಾಕು, ನಕ್ಷೆ ನೆಲದ ಜೊತೆ ಕೂಡಿಕೊಂಡಿತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಮುಂದಿನ ಗುರುತು ಒಂದು ಗುಡ್ಡದ ಆಚೆ ಇದೆ. ನೇರವಾಗಿ ಹತ್ತಿ ಇಳಿದರೆ 600 ಮೀಟರ್. ಆದರೆ ಹತ್ತುವಾಗ 12 ಕಂದು ಗೆರೆ ದಾಟಬೇಕು, ಅಂದರೆ 60 ಮೀಟರ್ ಏರು. ಗುಡ್ಡವನ್ನು ಬಳಸಿ ಸಮತಟ್ಟಾದ ದಾರಿಯಲ್ಲಿ ಹೋದರೆ 900 ಮೀಟರ್. ಯಾವುದು ಬೇಗ? ಒಂದು ಮೀಟರ್ ಏರುವ ಶ್ರಮ ಸುಮಾರು 8 ಮೀಟರ್ ಸಮನೆಲದ ಓಟಕ್ಕೆ ಸಮ ಎಂಬುದು ಗುಡ್ಡದ ಓಟಗಾರರ ಒಂದು ಅಂದಾಜು. ಆ ಪ್ರಕಾರ 60 ಮೀಟರ್ ಏರು ಎಂದರೆ 480 ಮೀಟರ್. ಅದಕ್ಕೆ 600 ಕೂಡಿದರೆ 1,080. ಬಳಸು ದಾರಿಯೇ ಲಾಭ! ಕಾಗದದ ಮೇಲೆ ಇದು ಸುಲಭ. ಏದುಸಿರು ಬಿಡುತ್ತ, ಬೇರು ಬಂಡೆಗಳ ಮೇಲೆ ಕಾಲಿಡುತ್ತ, ಎರಡು ಮೂರು ಸೆಕೆಂಡಿನಲ್ಲಿ ಇದನ್ನು ತೀರ್ಮಾನಿಸಬೇಕು. ಒಂದು ಓಟದಲ್ಲಿ ಇಂಥ ತೀರ್ಮಾನಗಳು ಒಂದಲ್ಲ, ಹತ್ತಾರು.

ಬುರ್ಗ್‌ಡೋರ್ಫಿನ ಹುಡುಗಿ

ಸಿಮೋನ್ ಲೂಡರ್ ಹುಟ್ಟಿದ್ದು 1978ರ ಜನವರಿ 9ರಂದು, ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದ ಬುರ್ಗ್‌ಡೋರ್ಫ್ ಎಂಬ ಊರಿನಲ್ಲಿ. ತೂತು ತೂತಿನ ಚೀಸಿಗೆ ಹೆಸರಾದ ಎಮ್ಮೆಂಟಾಲ್ ಕಣಿವೆಯ ಬಾಗಿಲಲ್ಲಿರುವ ಊರು ಅದು. ಹತ್ತಿರದ ಹಿಂಡೆಲ್‌ಬಾಂಕಿನ ಓರಿಯೆಂಟಿಯರಿಂಗ್ ಕ್ಲಬ್ಬಿನ ಪರ ಓಡಿದರು. ಬರ್ನ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿದರು. ವಿಜ್ಞಾನದ ವಿದ್ಯಾರ್ಥಿನಿಯಾಗಿದ್ದ ನನಗೆ ಈ ಸಂಗತಿ ಖುಷಿ ಕೊಟ್ಟಿತು ಎಂದು ಹೇಳದಿರಲಾರೆ.

ಮೊದಲ ವಿಶ್ವ ಪ್ರಶಸ್ತಿ ಬಂದದ್ದು 2001ರಲ್ಲಿ, ಫಿನ್‌ಲೆಂಡಿನ ತಾಂಪೆರೆಯಲ್ಲಿ, ದೀರ್ಘ ಓಟದಲ್ಲಿ. ಆಗ ಅವರಿಗೆ 23 ವರ್ಷ. ಆಟದ ತವರಿನಂತಿರುವ ನಾಡಿಗೆ ಹೋಗಿ, ಅಲ್ಲಿಯ ಬಂಡೆ ಜೌಗುಗಳ ಕಾಡಿನಲ್ಲಿ ಹುಟ್ಟಿ ಬೆಳೆದವರನ್ನು ಹಿಂದಿಕ್ಕಿದ್ದರು.

ಎರಡು ವರ್ಷದ ನಂತರ, 2003ರ ಆಗಸ್ಟ್‌ನಲ್ಲಿ, ವಿಶ್ವ ಚಾಂಪಿಯನ್‌ಷಿಪ್ ಅವರ ಸ್ವಂತ ದೇಶಕ್ಕೆ ಬಂತು. ಜ್ಯೂರಿಕ್ ಸರೋವರದ ದಂಡೆಯ ರಾಪರ್ಸ್‌ವಿಲ್-ಯೋನಾ ಅದರ ಕೇಂದ್ರ. ಯೂರೋಪು ಬಿಸಿಗಾಳಿಗೆ ಬೆಂದುಹೋದ ಬೇಸಿಗೆ ಅದು. ಅಲ್ಲಿ ನಾಲ್ಕು ಸ್ಪರ್ಧೆಗಳಿದ್ದವು: ಕಾಲು ಗಂಟೆಯೊಳಗೆ ಮುಗಿಯುವ ಸ್ಪ್ರಿಂಟ್, ಅರ್ಧ ಗಂಟೆಯ ಸುಮಾರಿನ ಮಧ್ಯಮ ಓಟ, ಒಂದು ಗಂಟೆಗೂ ಮೀರಿದ ದೀರ್ಘ ಓಟ, ಮತ್ತು ತಂಡದ ರಿಲೇ. ನಾಲ್ಕರಲ್ಲೂ ಚಿನ್ನ ಸಿಮೋನ್ ಅವರಿಗೆ. ರಿಲೇಯಲ್ಲಿ ತಂಡದ ಗೆಳತಿಯರ ಜೊತೆ. ಎರಡು ವರ್ಷದ ಮೇಲೆ, 2005ರಲ್ಲಿ, ಜಪಾನಿನ ಐಚಿಯಲ್ಲಿ ಮತ್ತೆ ನಾಲ್ಕಕ್ಕೆ ನಾಲ್ಕು.

ಈ ನಾಲ್ಕು ಬೇರೆ ಬೇರೆ ಬಗೆಯ ಪರೀಕ್ಷೆಗಳು ಎಂಬುದನ್ನು ಮರೆಯಬಾರದು. ಸ್ಪ್ರಿಂಟ್‌ನಲ್ಲಿ ಓಣಿಯ ತಿರುವು ಕಳೆದುಹೋದರೆ ಸೆಕೆಂಡುಗಳಲ್ಲಿ ಪದಕ ಹೋಯಿತು. ಮಧ್ಯಮ ಓಟದಲ್ಲಿ ಗುರುತುಗಳು ಹತ್ತಿರ ಹತ್ತಿರ, ಕಣ್ಣು ನಕ್ಷೆಯಿಂದ ಕದಲುವಂತಿಲ್ಲ. ದೀರ್ಘ ಓಟದಲ್ಲಿ ದೊಡ್ಡ ದಾರಿಯ ಆಯ್ಕೆ ಮತ್ತು ಮೈಯ ತಾಳಿಕೆ. ರಿಲೇಯಲ್ಲಿ ಪಕ್ಕದಲ್ಲಿ ಓಡುವವರನ್ನು ನೋಡಿ ತಲೆ ಕೆಡದಿರುವುದು. ನಮ್ಮಲ್ಲಿ ಒಬ್ಬರೇ 100 ಮೀಟರನ್ನೂ ಮ್ಯಾರಥಾನನ್ನೂ ಗೆಲ್ಲುತ್ತಾರೆ ಎಂದು ಯಾರೂ ನಿರೀಕ್ಷಿಸುವುದಿಲ್ಲವಷ್ಟೆ! ಮುಂದೆ ವಿಶ್ವ ಚಾಂಪಿಯನ್‌ಷಿಪ್ಪಿನ ಕ್ರಮವೂ ಬದಲಾಯಿತು. 2022 ಮತ್ತು 2024ರಲ್ಲಿ ಊರಿನ ಸ್ಪ್ರಿಂಟ್ ಸ್ಪರ್ಧೆಗಳು, 2023 ಮತ್ತು 2025ರಲ್ಲಿ ಕಾಡಿನ ಸ್ಪರ್ಧೆಗಳು ಬೇರೆ ಬೇರೆಯಾಗಿ ನಡೆದವು. ಈ ಕ್ರಮದಲ್ಲಿ ಒಂದೇ ವರ್ಷ ಆ ನಾಲ್ಕನ್ನೂ ಗೆಲ್ಲುವ ಅವಕಾಶವೇ ಇಲ್ಲ.

ಮಂಜಿನ ಮೇಲೆ ಜಾರುವ ಸ್ಕೀಯಿಂಗ್ ತಾರೆಯರ ದೇಶ ಸ್ವಿಟ್ಜರ್ಲೆಂಡ್. ಅಂಥ ದೇಶದಲ್ಲಿ ವರ್ಷದ ಶ್ರೇಷ್ಠ ಕ್ರೀಡಾಪಟು ಎಂಬ ಗೌರವ 2003, 2005 ಮತ್ತು 2007ರಲ್ಲಿ, ಮೂರು ಬಾರಿ, ಈ ಕಾಡಿನ ಓಟಗಾರ್ತಿಗೆ ಸಂದಿತು.

ದಾರಿ ತಪ್ಪುವುದು ಹೇಗೆ?

ಗೆದ್ದದ್ದರ ಪಟ್ಟಿ ಇದು. ಆದರೆ ಗೆಲುವಿನ ಗುಟ್ಟು ತಿಳಿಯಬೇಕಾದರೆ ಸೋಲು ಹೇಗೆ ಬರುತ್ತದೆ ಎಂದು ನೋಡಬೇಕು. ಇದಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ.

ಬಿ.ಎಸ್‌ಸಿ. ಓದುವಾಗ ನಾನು ಎನ್.ಸಿ.ಸಿ.ಯಲ್ಲಿದ್ದೆ. ಘಟ್ಟದ ಸೆರಗಿನ ಒಂದು ಶಿಬಿರದಲ್ಲಿ ನಾಲ್ವರು ಹುಡುಗಿಯರ ಕೈಗೆ ನಕ್ಷೆ, ದಿಕ್ಸೂಚಿ ಕೊಟ್ಟು ಒಂದು ಜಾಗ ಮುಟ್ಟಿ ಬನ್ನಿ ಎಂದರು. ವಿಜ್ಞಾನದ ಹುಡುಗಿ ಎಂಬ ಹಮ್ಮಿನಿಂದ ನಕ್ಷೆ ನಾನೇ ಹಿಡಿದೆ. ನಕ್ಷೆಯಲ್ಲಿ ಒಂದು ಹಳ್ಳವಿತ್ತು. ಅರ್ಧ ಗಂಟೆ ನಡೆದ ಮೇಲೆ ಎದುರಿಗೂ ಒಂದು ಹಳ್ಳ ಕಂಡಿತು. “ಇದೇ ಅದು” ಎಂದೆ. ಜೊತೆಯವಳೊಬ್ಬಳು, “ನಕ್ಷೆಯಲ್ಲಿ ಹಳ್ಳ ಎಡಕ್ಕೆ ತಿರುಗುತ್ತೆ, ಇದು ಬಲಕ್ಕೆ ಹೋಗ್ತಿದೆಯಲ್ಲೇ” ಎಂದಳು. ನಾನು, “ನಕ್ಷೆ ಹಳೇದು ಕಣೇ, ಹಳ್ಳ ಬದಲಾಗಿರುತ್ತೆ” ಎಂದುಬಿಟ್ಟೆ. ಮುಂದೆ ಒಂದು ಗುಡ್ಡ ಕಾಣಬೇಕಿತ್ತು, ಕಾಣಲಿಲ್ಲ. “ಮರ ಅಡ್ಡ ಇವೆ” ಎಂದೆ. ಹೀಗೆ ಒಂದೊಂದಕ್ಕೂ ಒಂದೊಂದು ಸಮಾಧಾನ ಹೇಳುತ್ತ ನಾಲ್ವರನ್ನೂ ನಡೆಸಿದೆ. ಶಿಬಿರ ಮುಟ್ಟುವಾಗ ಎರಡು ಗಂಟೆ ತಡವಾಗಿತ್ತು, ಕತ್ತಲಾಗಿತ್ತು. ಆ ಹುಡುಗಿ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ದಾರಿ ತಪ್ಪಿದ್ದು ನನ್ನ ತಪ್ಪಲ್ಲ, ಅದು ಯಾರಿಗೂ ಆಗಬಹುದು. ಮೊದಲ ಅನುಮಾನ ಬಂದ ಕ್ಷಣದಲ್ಲಿ ನಿಲ್ಲದೇ ಹೋದದ್ದು ತಪ್ಪು. ಈ ಆಟದವರು ಇದನ್ನು ಚೆನ್ನಾಗಿ ಬಲ್ಲರು. ಕಂಡದ್ದನ್ನೆಲ್ಲ ಬೇಕಾದ ಹಾಗೆ ನಕ್ಷೆಗೆ ಬಗ್ಗಿಸಿಕೊಳ್ಳುವುದು ಇಲ್ಲಿಯ ಅತಿ ದೊಡ್ಡ ಅಪಾಯ. ಮನಸ್ಸಿಗೆ ತಾನು ಸರಿ ಇದ್ದೇನೆ ಎಂದು ನಂಬುವ ಆಸೆ. ದಣಿದಷ್ಟೂ ಆ ಆಸೆ ಹೆಚ್ಚು. ಕಾಲಿಗೆ ನಿಲ್ಲಲು ಮನಸ್ಸಿಲ್ಲ, ತಲೆಗೆ ಒಪ್ಪಲು ಮನಸ್ಸಿಲ್ಲ.

ಒಪ್ಪದಿದ್ದರೆ ಎಷ್ಟು ನಷ್ಟ? ಕಾಡಿನಲ್ಲಿ ಕಿಲೋಮೀಟರಿಗೆ 5 ನಿಮಿಷದ ವೇಗ ಎಂದಿಟ್ಟುಕೊಳ್ಳಿ. ದೀರ್ಘ ಓಟದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ತಪ್ಪು ದಾರಿಗೆ ಹೋದರೆ 150 ಮೀಟರ್, 45 ಸೆಕೆಂಡ್. ಮರಳಿ ಬರಲು ಇನ್ನೊಂದು 45. ಬೆರಳ ಉಗುರಿನಗಲದ ತಪ್ಪಿಗೆ ಒಂದೂವರೆ ನಿಮಿಷ ಹೋಯಿತು. ಅಷ್ಟು ಹೊತ್ತನ್ನು ಬರಿಯ ಕಾಲಿನ ಬಲದಿಂದ ಮತ್ತೆ ಗಳಿಸುವುದು ದುಸ್ತರ. ಅದಕ್ಕೇ ಈ ಆಟದಲ್ಲಿ ಅತಿ ವೇಗದ ಕಾಲಿನವರೇ ಗೆಲ್ಲುತ್ತಾರೆ ಎಂದು ಹೇಳುವಂತಿಲ್ಲ.

ಇದನ್ನು ತಪ್ಪಿಸಲು ಓಟಗಾರರು ಕೆಲವು ಕ್ರಮಗಳನ್ನು ರೂಢಿಸಿಕೊಳ್ಳುತ್ತಾರೆ. ನಕ್ಷೆಯನ್ನು ಮಡಿಸಿ, ತಾವಿರುವ ಜಾಗದ ಮೇಲೆ ಹೆಬ್ಬೆರಳಿಟ್ಟು, ಓಡಿದಂತೆಲ್ಲ ಬೆರಳನ್ನು ಸರಿಸುತ್ತಾರೆ. ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಇಳಿಯುವ ಹಾಗೆ ಹಳ್ಳ, ಬೇಲಿ, ಕಾಲುದಾರಿಗಳ ಪಕ್ಕದಲ್ಲೇ ಸಾಗುತ್ತಾರೆ. ಹುಡುಕಲು ಕಷ್ಟವಾದ ಗುರುತಿಗೆ ನೇರ ನುಗ್ಗದೆ, ಅದರ ಹತ್ತಿರದ ದೊಡ್ಡ ಬಂಡೆಯನ್ನೋ ದಾರಿಯ ಕವಲನ್ನೋ ಮೊದಲು ಹಿಡಿದು, ಅಲ್ಲಿಂದ ಎಚ್ಚರದ ಹೆಜ್ಜೆ ಹಾಕುತ್ತಾರೆ. ‘ಇಂಥ ಕೆರೆ ಕಂಡರೆ ನಾನು ಮುಂದೆ ಬಂದುಬಿಟ್ಟೆ’ ಎಂದು ಒಂದು ಗಡಿಯನ್ನು ಮೊದಲೇ ಗುರುತು ಮಾಡಿಕೊಂಡಿರುತ್ತಾರೆ. ಎಲ್ಲಿ ಕಣ್ಣುಮುಚ್ಚಿ ಓಡಬಹುದು, ಎಲ್ಲಿ ನಡಿಗೆಗೆ ಇಳಿಯಬೇಕು ಎಂಬ ವಿವೇಕ ಇವೆಲ್ಲಕ್ಕೂ ಮೇಲಿನದು. ಅನುಮಾನ ಬಂದರೆ ನಿಲ್ಲಬೇಕು. ಹತ್ತು ಸೆಕೆಂಡು ನಿಲ್ಲುವ ಧೈರ್ಯ ಇದ್ದವರು ಹತ್ತು ನಿಮಿಷ ಕಳೆದುಕೊಳ್ಳುವುದಿಲ್ಲ.

ಸಿಮೋನ್ ಅವರ ಹೆಚ್ಚಳ ಇರುವುದು ಇಲ್ಲಿ. ಒಂದು ಓಟದಲ್ಲಿ ಅದೃಷ್ಟ ಕೈಹಿಡಿಯಬಹುದು. ಹನ್ನೆರಡು ವರ್ಷಗಳ ಅವಧಿಯಲ್ಲಿ, ಫಿನ್‌ಲೆಂಡಿನ ಜೌಗು, ಆಲ್ಪ್ಸ್ ಸೀಮೆಯ ಇಳಿಜಾರು, ಜಪಾನಿನ ಸೆಕೆಯ ಕಾಡು, ಹೀಗೆ ಒಂದನ್ನೊಂದು ಹೋಲದ ನೆಲಗಳಲ್ಲಿ 23 ಸಲ ಮೊದಲಿಗರಾಗಲು ಅದೃಷ್ಟ ಸಾಲದು. ಗಳಿಗೆ ಗಳಿಗೆಗೂ ‘ನಾನೀಗ ಎಲ್ಲಿದ್ದೇನೆ?’ ಎಂದು ಕೇಳಿಕೊಂಡು, ತನಗೆ ತಾನೇ ಸುಳ್ಳು ಹೇಳಿಕೊಳ್ಳದೆ ಉತ್ತರಿಸುವ ಶಿಸ್ತು ಬೇಕು. ಯಾರೂ ನೋಡದ ಜಾಗದಲ್ಲಿ ಈ ಪ್ರಾಮಾಣಿಕತೆ ಇನ್ನೂ ಕಷ್ಟ.

ತಾಯಿಯಾದ ಮೇಲೆ

2003ರಲ್ಲಿ ಸಿಮೋನ್ ತಮ್ಮಂತೆಯೇ ಓರಿಯೆಂಟಿಯರಿಂಗ್ ಓಟಗಾರರಾದ ಮಥಿಯಾಸ್ ನಿಗ್ಲಿ ಅವರನ್ನು ಮದುವೆಯಾದರು. 2008ರಲ್ಲಿ ಮೊದಲ ಮಗು ಹುಟ್ಟಿತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವರಿರಲಿಲ್ಲ. ಮರುವರ್ಷ ಹಂಗೆರಿಯ ಮಿಷ್ಕೋಲ್ಟ್ಸ್‌ನಲ್ಲಿ ಮರಳಿ ಬಂದು ದೀರ್ಘ ಓಟವನ್ನು ಗೆದ್ದರು. 2011ರಲ್ಲಿ ಅವಳಿ ಮಕ್ಕಳಾದವು. ಆ ವರ್ಷವೂ ಚಾಂಪಿಯನ್‌ಷಿಪ್ ತಪ್ಪಿತು. 2012ರಲ್ಲಿ ಸ್ವಂತ ದೇಶದ ಲೊಸಾನ್‌ನಲ್ಲಿ ಮತ್ತೆ ಚಿನ್ನದ ಪದಕಗಳು.

‘ಮಕ್ಕಳಾದ ಮೇಲೆ ಹೆಣ್ಣು ಆಟ ಬಿಡುತ್ತಾಳೆ’ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ನಮ್ಮ ಸ್ಟುಡಿಯೋಕ್ಕೆ ಬಂದ ಹಳೆಯ ಆಟಗಾರ್ತಿಯರಲ್ಲಿ ಅನೇಕರು ಅದನ್ನು ನಗುತ್ತಲೇ ಹೇಳಿ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಸಿಮೋನ್ ಅವರಿಗೆ ಅವಕಾಶ, ಕುಟುಂಬದ ಬೆಂಬಲ, ಮಕ್ಕಳೊಂದಿಗೆ ಸ್ಪರ್ಧೆಗೆ ಬರುವುದು ಸಹಜವೆನ್ನುವ ಒಂದು ಆಟ, ಇವೆಲ್ಲ ಇದ್ದವು. ಇವು ಇಲ್ಲದವರನ್ನು ಅವರೊಂದಿಗೆ ಹೋಲಿಸಿ ದೂರುವುದು ಅನ್ಯಾಯ. ಇದ್ದರೆ ಏನಾಗಬಹುದು ಎಂಬುದಕ್ಕೆ ಮಾತ್ರ ಅವರು ಕಣ್ಣೆದುರಿನ ಸಾಕ್ಷಿ.

ಕೊನೆಯ ವಿಶ್ವ ಚಾಂಪಿಯನ್‌ಷಿಪ್ 2013ರಲ್ಲಿ, ಮತ್ತೆ ಫಿನ್‌ಲೆಂಡಿನಲ್ಲಿ, ವುವೊಕಾಟ್ಟಿ ಎಂಬಲ್ಲಿ. ಮೂರು ಮಕ್ಕಳ ತಾಯಿಗೆ ಆಗ 35 ವರ್ಷ. ಸ್ಪ್ರಿಂಟ್, ಮಧ್ಯಮ, ದೀರ್ಘ, ಈ ಮೂರೂ ವೈಯಕ್ತಿಕ ಓಟಗಳನ್ನು ಗೆದ್ದರು. ಆ ಋತು ಮುಗಿದಾಗ ಉನ್ನತ ಮಟ್ಟದ ಸ್ಪರ್ಧೆಗೆ ವಿದಾಯ ಹೇಳಿದರು. ಅವರು ನಿವೃತ್ತರಾದ ದಿನಕ್ಕೆ ಅಷ್ಟು ವಿಶ್ವ ಪ್ರಶಸ್ತಿ ಗೆದ್ದವರು ಆ ಆಟದಲ್ಲಿ ಬೇರೆ ಯಾರೂ ಇರಲಿಲ್ಲ. ನಂತರದ ವರ್ಷಗಳಲ್ಲಿ ಸ್ವೀಡನ್ನಿನ ತೂವೆ ಅಲೆಕ್ಸಾಂಡರ್ಸನ್ ಅದೇ ಹಾದಿಯಲ್ಲಿ ಪದಕಗಳ ಸಾಲು ಕಟ್ಟಿದರು. ಮೊದಲ ಚಿನ್ನವೂ ಕೊನೆಯ ಚಿನ್ನವೂ ಸಿಮೋನ್ ಅವರಿಗೆ ಸಿಕ್ಕಿದ್ದು ಫಿನ್‌ಲೆಂಡಿನಲ್ಲೇ, ಆ ಆಟವನ್ನು ತಮ್ಮದೆಂದು ತಿಳಿದವರ ಕಾಡಿನಲ್ಲೇ.

ಚುಕ್ಕೆ ನಮಗೆ ಕಾಣುತ್ತದೆ, ಅವರಿಗಲ್ಲ

ನಮ್ಮ ಕ್ಯಾಮೆರಾಮನ್ ಕೇಳಿದ ಪ್ರಶ್ನೆಗೆ ಮರಳೋಣ. ಯೂರೋಪಿನ ಟೆಲಿವಿಷನ್ನಿನವರಿಗೂ ಇದೇ ತಲೆನೋವಾಗಿತ್ತು. ಕೆಲವು ಗುರುತುಗಳ ಬಳಿ ಕ್ಯಾಮೆರಾ ಅಡಗಿಸಿಟ್ಟರು. ಬಂದರು, ಮುಟ್ಟಿದರು, ಹೋದರು. ನಡುವಿನ ಕಥೆ ಕಾಣಲಿಲ್ಲ. ಜಿ.ಪಿ.ಎಸ್. ಬಂದ ಮೇಲೆ ದಾರಿ ತೆರೆಯಿತು. ಓಟಗಾರರ ಬೆನ್ನಿಗೆ ಕಟ್ಟಿದ ಪುಟ್ಟ ಯಂತ್ರ ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ತಿಳಿಸುತ್ತದೆ. ಪರದೆಯ ಮೇಲಿನ ನಕ್ಷೆಯಲ್ಲಿ ಬಣ್ಣದ ಚುಕ್ಕೆ ಓಡುತ್ತದೆ. ಯಾರು ಗುಡ್ಡ ಹತ್ತಿದರು, ಯಾರು ಬಳಸಿದರು, ಯಾರ ಚುಕ್ಕೆ ತಗ್ಗಿನಲ್ಲಿ ಗಿರಗಿರ ತಿರುಗುತ್ತಿದೆ ಎಲ್ಲವೂ ಮನೆಯಲ್ಲಿ ಕುಳಿತವರಿಗೆ ಕಾಣುತ್ತದೆ.

ಇದರಲ್ಲೊಂದು ವಿಚಿತ್ರವಿದೆ, ಗಮನಿಸಿದಿರಾ? ಆಕಾಶದ ಉಪಗ್ರಹ ನೋಡುವವರಿಗೆಲ್ಲ ಉತ್ತರ ಹೇಳುತ್ತದೆ. ಓಡುವವರಿಗೆ ಮಾತ್ರ ಹೇಳುವಂತಿಲ್ಲ. ದಾರಿ ತೋರಿಸುವ ಯಾವ ಎಲೆಕ್ಟ್ರಾನಿಕ್ ಸಾಧನವನ್ನೂ ಸ್ಪರ್ಧಿಗಳು ನೋಡಬಾರದೆಂದು ನಿಯಮ. ಇಡೀ ಜಗತ್ತಿಗೆ ಗೊತ್ತಿರುವ ತನ್ನ ಜಾಗವನ್ನು ಕಾಡಿನೊಳಗಿನ ಒಬ್ಬಾಕೆ ಮಾತ್ರ ಕಲ್ಲು, ಇಳುಕಲು, ನೀರಿನ ಸದ್ದುಗಳಿಂದ ತಾನೇ ಕಂಡುಕೊಳ್ಳಬೇಕು. ನಾವೀಗ ಅದರ ತಿರುಗುಮುರುಗು ಬಾಳು ಬಾಳುತ್ತಿದ್ದೇವೆ. ಮೊಬೈಲಿನ ನೀಲಿ ಚುಕ್ಕೆ ಹೇಳದಿದ್ದರೆ ಪಕ್ಕದ ಬಡಾವಣೆಗೆ ಹೋಗುವುದೂ ಕಷ್ಟ. ಚುಕ್ಕೆ ಉಪಕಾರಿ, ನಾನೂ ಬಳಸುತ್ತೇನೆ. ಆದರೆ ಚುಕ್ಕೆಯನ್ನು ಹಿಂಬಾಲಿಸಿದವರು ಊರು ತಲುಪುತ್ತಾರೆಯೇ ಹೊರತು ಊರನ್ನು ಕಂಡಿರುವುದಿಲ್ಲ.

ಮನೆಯಲ್ಲೇ ಮಾಡಿ ನೋಡಿ

ಇದಕ್ಕೆ ಸ್ವಿಟ್ಜರ್ಲೆಂಡಿಗೆ ಹೋಗಬೇಕಿಲ್ಲ. ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಬೀದಿಯ ಒಂದು ನಕ್ಷೆ ಬರೆಯಿರಿ. ಹೆಜ್ಜೆ ಎಣಿಸಿ ಅಳತೆ ಹಿಡಿಯಿರಿ. ಮರ, ಬೋರ್‌ವೆಲ್, ದೇವಸ್ಥಾನದ ಕಟ್ಟೆ, ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಒಂದೊಂದು ಚಿಹ್ನೆ ಕೊಡಿ. ಒಂದೈದು ಕಡೆ ಚೀಟಿ ಅಡಗಿಸಿ, ನಕ್ಷೆಯಲ್ಲಿ ವೃತ್ತ ಹಾಕಿ ಕೊಡಿ. ಮೊದಲು ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿ ಹಿಡಿಯಲು ಹೇಳಿ, ಆಮೇಲೆ ಓಡಲಿ. ಮಗು ದಾರಿ ತಪ್ಪಿದರೆ ಗದರಬೇಡಿ. ‘ಕೊನೆಯ ಸಲ ನಿನಗೆ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು?’ ಎಂದು ಕೇಳಿ. ಅಲ್ಲಿಗೆ ಮರಳಿ ಹೋಗಿ ಮತ್ತೆ ಹೊರಡಲಿ. ಚಾಂಪಿಯನ್ನರೂ ಮಾಡುವುದು ಅದನ್ನೇ.

ಹಾಗಾದರೆ ನಮ್ಮ ಕಾರ್ಯಕ್ರಮದಲ್ಲಿ ದೃಶ್ಯವಾಗಿ ಏನನ್ನು ತೋರಿಸಿದೆವು? ದಾರಿ ಕಂಡುಕೊಂಡವರು ನಮ್ಮ ಕ್ಯಾಮೆರಾಮನ್ನರೇ. “ಮೇಡಂ, ಒಂದು ನಕ್ಷೆ ಹಿಡಿದ ಕೈ ತೋರಿಸೋಣ. ಹೆಬ್ಬೆರಳು ಸರೀತಾ ಇರಲಿ. ಒಂದು ಕಡೆ ಅದು ನಿಲ್ಲಲಿ. ನಿಂತಾಗ ನಾವೂ ನಿಲ್ಲೋಣ” ಎಂದರು. ನೀವು ನೋಡಿದ ಮೊದಲ ದೃಶ್ಯ ಅದೇ. ಆ ಕೈ ನನ್ನದು. ಈ ಸಲ ಬೆರಳು ನಿಂತ ಕಡೆ ಹಳ್ಳ ಎಡಕ್ಕೇ ತಿರುಗಿದೆಯೇ ಎಂದು ಎರಡೆರಡು ಸಲ ನೋಡಿಕೊಂಡಿದ್ದೇನೆ.